ಎರಡನೆಯ ಸುತ್ತು

ಮೇ 18, ಭಾನುವಾರ. ಹೊಸನಗರ

ಇವತ್ತಿನಿಂದ ಜೂನ್ 16ರವರೆಗೆ ಇದರಲ್ಲಿ ಬರೆಯುವುದು ಎಂದು ತೀರ್ಮಾನಿಸಿದ್ದೇನೆ. ಕಾರಣ ಇಷ್ಟೇ. ಎರಡು ಸಂಸ್ಥೆಗಳು ಪಿಎಚ್.ಡಿ.ಗೆ ಸೀಟು ಕೊಟ್ಟಿವೆ. ಚೆನ್ನೈಯದು ಶುದ್ಧ ಗಣಿತಕ್ಕೆ, ಮುಂಬೈಯದು ಸೈದ್ಧಾಂತಿಕ ಕಂಪ್ಯೂಟರ್ ವಿಜ್ಞಾನಕ್ಕೆ. ಜೂನ್ 16ರ ಸಂಜೆಯೊಳಗೆ ಒಬ್ಬರಿಗೆ ಹೂಂ, ಇನ್ನೊಬ್ಬರಿಗೆ ಉಹೂಂ ಅನ್ನಬೇಕು. ಸ್ಟೈಫಂಡ್ ಎರಡೂ ಕಡೆ ಒಂದೇ, ಸೆಕೆಯೂ ಒಂದೇ. ಆ ಕಡೆಯಿಂದ ಏನೂ ಸಹಾಯವಿಲ್ಲ.

ತಲೆ ಬಿಸಿ ಮಾಡಿಕೊಳ್ಳದೆ ಯೋಚಿಸಬೇಕೆಂದರೆ ಇದು ಬೇರೆ ಯಾರದೋ ವಿಷಯ ಎಂದುಕೊಳ್ಳಬೇಕು. ಆದ್ದರಿಂದ ಇಲ್ಲಿ ನನ್ನನ್ನು ಅಭ್ಯರ್ಥಿ ಎಂದೇ ಬರೆಯುತ್ತೇನೆ.

ಅಭ್ಯರ್ಥಿಯ ಹೆಸರು ಕಾವ್ಯಾ, ವಯಸ್ಸು ಇಪ್ಪತ್ಮೂರು, ಎಂ.ಎಸ್ಸಿ. ಗಣಿತ. ಸದ್ಯ ಸಾಗರದ ಒಂದು ಟ್ಯುಟೋರಿಯಲ್‌ನಲ್ಲಿ ಪಿಯುಸಿ ಫೇಲಾದವರಿಗೆ ಲೆಕ್ಕ ಹೇಳಿಕೊಡುತ್ತಾಳೆ. ತಂದೆ ರಾಜೇಂದ್ರ, ಹೊಸನಗರ ಬಸ್‌ಸ್ಟ್ಯಾಂಡಿನಲ್ಲಿ ಪ್ರೈವೇಟ್ ಬಸ್ಸುಗಳ ಏಜೆಂಟ್. ತಾಯಿ ಪುಷ್ಪಮ್ಮ ಅಂಗನವಾಡಿ ಟೀಚರ್. ಅಭ್ಯರ್ಥಿಗೆ ಎರಡು ವಿಷಯಗಳಲ್ಲಿ ಯಾವುದರ ಮೇಲೂ ವಿಶೇಷ ಮೋಹವಿಲ್ಲ. ಯಾವ ಕಡೆ ವಾದಿಸು ಎಂದರೂ ಅರ್ಧ ಗಂಟೆ ವಾದಿಸಬಲ್ಲಳು. ಇದು ಒಳ್ಳೆಯದೇ ಎಂದು ನನ್ನ ಅಭಿಪ್ರಾಯ.

ಮೇ 20, ಮಂಗಳವಾರ

ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ಊರಿಗೆಲ್ಲ ಹೇಳಿಯಾಗಿದೆ. ಗಣಿತದ ಭಾಗ ಯಾರ ಕಿವಿಗೂ ಬಿದ್ದಿಲ್ಲ. ಸಂಜೆ ಪಂಚಾಯ್ತಿಯ ಹುಲಿಯಪ್ಪ ಒಂದು ಪ್ರಿಂಟರನ್ನು ಮಗುವಿನ ಹಾಗೆ ಎತ್ತಿಕೊಂಡು ಮನೆಗೆ ಬಂದರು.

"ಕಂಪ್ಯೂಟರ್ ಡಾಕ್ಟರ್ ಆಗ್ತೀಯಂತಲ್ಲ ಮಗಾ. ಇದು ಪೇಪರ್ ನುಂಗ್ತದೆ. ಸ್ವಲ್ಪ ನೋಡು."

ಅಭ್ಯರ್ಥಿ ತಾಳ್ಮೆಯಿಂದ ವಿವರಿಸಿದಳು. ಈ ಕಂಪ್ಯೂಟರ್ ವಿಜ್ಞಾನಕ್ಕೆ ಕಂಪ್ಯೂಟರ್ ಬೇಕಾಗಿಲ್ಲ.

"ಮತ್ತೆ ಎಂಥದು ಬೇಕು?"

"ಪೇಪರ್, ಪೆನ್ಸಿಲ್."

"ಗಣಿತಕ್ಕೆ?"

"ಅದಕ್ಕೂ ಅಷ್ಟೇ."

"ಹಂಗಾದ್ರೆ ಎರಡೂ ಒಂದೇ ಆಯ್ತಲ್ಲ ಮಾರಾಯ್ತಿ! ಇದಕ್ಕೆ ಯಾಕೆ ಇಷ್ಟು ಒದ್ದಾಟ?"

ಅಭ್ಯರ್ಥಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಹುಲಿಯಪ್ಪ ಕಾಫಿ ಕುಡಿದು ಪ್ರಿಂಟರ್ ಎತ್ತಿಕೊಂಡು ಹೋದರು. ಅಮ್ಮನಿಗೆ ನಾಚಿಕೆ. "ಒಂದು ಸಲ ಮುಚ್ಚಳ ತೆಗೆದು ನೋಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದಳು. ಏನೂ ಹೋಗುತ್ತಿರಲಿಲ್ಲ, ನಿಜ.

ಮೇ 23, ಶುಕ್ರವಾರ. ಸಾಗರ

ಎರಡು ಕ್ಲಾಸುಗಳ ನಡುವೆ ಬಿಡುವು. ಹುಲಿಯಪ್ಪನವರಿಗೆ ಕೊಡಬೇಕಾಗಿದ್ದ ಉತ್ತರ ಈಗ ಹೊಳೆದಿದೆ, ಬರೆದಿಡುತ್ತೇನೆ.

ಒಂದು ತಾಲ್ಲೂಕು ಇದೆ ಎಂದುಕೊಳ್ಳಿ. ಅಲ್ಲಿ ಪ್ರತಿ ಊರಿನಲ್ಲೂ ಸರಿಯಾಗಿ ಮೂರು ರಸ್ತೆಗಳು ಕೂಡುತ್ತವೆ. ಒಂದು ಬಸ್ಸು ಹೊರಟು, ಎಲ್ಲ ಊರಿಗೂ ಒಂದೊಂದೇ ಸಲ ಹೋಗಿ, ಹೊರಟಲ್ಲಿಗೆ ವಾಪಸು ಬರಬೇಕು. ಇಂಥ ಒಂದು ಸುತ್ತು ಸಾಧ್ಯವಿದ್ದರೆ, ಬೇರೊಂದು ಸುತ್ತೂ ಖಂಡಿತ ಇರುತ್ತದೆ. ಇದಕ್ಕೆ ಅರ್ಧ ಪುಟದ ಚಂದದ ಸಾಧನೆ ಇದೆ. ಯಾವ ರಸ್ತೆ ಹಿಡಿದರೂ ಅದರ ಮೇಲೆ ಹಾಯುವ ಸುತ್ತುಗಳ ಲೆಕ್ಕ ಸಮಸಂಖ್ಯೆಯೇ ಬರುತ್ತದೆ, ಹಾಗಾಗಿ ಒಂದೇ ಇರಲು ಸಾಧ್ಯವಿಲ್ಲ ಎಂದು ತೋರಿಸಿ ಕೈ ತೊಳೆದುಕೊಳ್ಳುತ್ತದೆ. ಆ ಎರಡನೆಯ ಸುತ್ತು ಯಾವುದು ಎಂದು ಹೇಳುವುದಿಲ್ಲ. ಹುಡುಕಲು ಒಂದು ಹಳೆಯ ವಿಧಾನವಿದೆ. ಕೆಲವು ನಕ್ಷೆಗಳಲ್ಲಿ ಅದು ಅಲೆದೂ ಅಲೆದೂ ಮುಗಿಯಲು ಒಂದು ಜನ್ಮ ಸಾಲದು. ಯಾವ ನಕ್ಷೆ ಕೊಟ್ಟರೂ ಬೇಗ ಹುಡುಕುವ ಉಪಾಯ ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.

"ಇದೆ" ಎಂದು ಸಾಧಿಸುವುದು ಗಣಿತ. "ಸಿಗುತ್ತದೆಯೇ, ಎಷ್ಟು ಹೊತ್ತಿನಲ್ಲಿ?" ಎಂದು ಕೇಳುವುದು ಇನ್ನೊಂದು. ವ್ಯತ್ಯಾಸ ಅಷ್ಟೇ. ಅಭ್ಯರ್ಥಿ ಎಂ.ಎಸ್ಸಿ.ಯ ಪ್ರಾಜೆಕ್ಟ್ ಮಾಡಿದ್ದು ಇದರ ಮೇಲೆಯೇ, ಎರಡೂ ಸಂದರ್ಶನಗಳಲ್ಲಿ ಮಾತಾಡಿದ್ದೂ ಇದನ್ನೇ.

ಉದಾಹರಣೆಗೆ ಇರಲಿ ಎಂದು ಒಂದು ಚಾರ್ಟ್ ಶೀಟಿನ ಮೇಲೆ ನಕ್ಷೆ ಬರೆಯಲು ಶುರು ಮಾಡಿದೆ. ಊರುಗಳಿಗೆ ಅಪ್ಪನಿಗೆ ಬಾಯಿಪಾಠ ಇರುವ ಸ್ಟಾಪುಗಳ ಹೆಸರು ಇಟ್ಟೆ. ನಿಟ್ಟೂರು, ಹುಲಿಕಲ್, ಮಂಡಗದ್ದೆ, ಹೀಗೆ. ಮೊದಲ ಸುತ್ತನ್ನು ನೀಲಿ ಇಂಕಿನಲ್ಲಿ ಎಳೆದೆ. ತುಂಗಾ ಎಂಬ ವಿದ್ಯಾರ್ಥಿನಿ ಬಂದು ಕುತ್ತಿಗೆ ಚಾಚಿದಳು. ವಿವರಿಸಿದೆ.

"ಮಿಸ್, ಪರೀಕ್ಷೇಲಿ 'ಉತ್ತರ ಇದೆ' ಅಂತ ಬರೆದ್ರೆ ಎಷ್ಟು ಮಾರ್ಕ್ಸ್ ಕೊಡ್ತಾರೆ?"

"ಸೊನ್ನೆ."

"ಮತ್ತೆ ನಿಮಗೆ ಹೆಂಗೆ ಎಂಎಸ್ಸಿ ಕೊಟ್ರು?"

ಅವಳು ಎರಡು ಸಲ ಫೇಲಾಗಿದ್ದಾಳೆ. ಬಾಯಿಗೇನೂ ಕೊರತೆಯಿಲ್ಲ.

ಮೇ 25, ಭಾನುವಾರ

ತೀರ್ಥಹಳ್ಳಿಗೆ ಹೋಗಿ ಬಂದೆ, ರವಿಶಂಕರ ಸರ್ ಮನೆಗೆ. ಸಾಗರದಲ್ಲಿ ಡಿಗ್ರಿ ಓದುವಾಗ ಅವರು ನಮಗೆ ಬೀಜಗಣಿತ ಮಾಡುತ್ತಿದ್ದರು. ಸಿಲಬಸ್ ಸಾಲದು ಎಂದು ಎರಡು ವರ್ಷ ಭಾನುವಾರಗಳಲ್ಲಿ ನನಗೊಬ್ಬಳಿಗೇ ಬೇರೆ ಪಾಠ ಹೇಳಿದರು. ಆ ಭಾನುವಾರಗಳು ಇರದಿದ್ದರೆ ಅಭ್ಯರ್ಥಿ ಬಿ.ಎಡ್. ಮುಗಿಸಿ ಎಲ್ಲೋ ಹಾಜರಿ ಕರೆಯುತ್ತಿದ್ದಳು. ಈಗ ನಿವೃತ್ತರಾಗಿ ತೀರ್ಥಹಳ್ಳಿಯಲ್ಲಿದ್ದಾರೆ.

ಅವರು ತಮ್ಮ ಹಳೆಯ ಬೀಜಗಣಿತದ ಪುಸ್ತಕಕ್ಕೆ ಹೊಸ ಬೈಂಡ್ ಹಾಕಿಸಿ ಇಟ್ಟಿದ್ದರು. "ಚೆನ್ನೈಗೆ ಹೋಗುವಾಗ ತಗೊಂಡು ಹೋಗು" ಎಂದು ಕೈಗೆ ಕೊಟ್ಟರು. ಇನ್ನೂ ತೀರ್ಮಾನಿಸಿಲ್ಲ ಎಂದೆ. ಅವರ ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ, "ಸರಿ, ಹಂಗಾದ್ರೆ ಪ್ರಸಂಗ ಕಟ್ಟೋಣ" ಎಂದರು.

ಸರ್ ತಾಳಮದ್ದಳೆಯಲ್ಲಿ ಪಾತ್ರದ ಮಾತಾಡುವ ಒಳ್ಳೆಯ ಅರ್ಥಧಾರಿ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತಿನಲ್ಲಿ ನಡೆಯುವ ಯಕ್ಷಗಾನ ಅದು. ಈ ವರ್ಷ ಕೃಷ್ಣನಾಗಿ ಗೆದ್ದವರು ಮುಂದಿನ ವರ್ಷ ಕೌರವನಾಗಿ ಅದೇ ಕೃಷ್ಣನ ಬಾಯಿ ಮುಚ್ಚಿಸುತ್ತಾರೆ ಎಂದು ಅವರ ಹೆಸರು. ನಿಯಮ ಸರಳ. ನಿನಗೆ ಏನು ಅನ್ನಿಸುತ್ತದೆ ಎಂಬುದು ಬೇಡ, ಕೊಟ್ಟ ಪಾತ್ರದ ಪಕ್ಷ ಹಿಡಿಯಬೇಕು. ಮಾತು ನಿಂತವರು ಸೋತ ಹಾಗೆ. ಅಭ್ಯರ್ಥಿಗೆ ಇದು ಹೇಳಿ ಮಾಡಿಸಿದ ಆಟ.

ಇವತ್ತು ಸರ್ ಗಣಿತ, ನಾನು ಗಣಕ. ಜಗುಲಿಯಲ್ಲಿ ಎದುರು ಬದುರು ಕೂತೆವು. ಸರ್ ಶಾಲು ಸರಿಮಾಡಿಕೊಂಡು ದನಿ ಬದಲಿಸಿದರು. "ಅಮ್ಮಾ ಗಣಕವಿದ್ಯೆಯೇ, ನೀನು ನನ್ನ ಮನೆಯಲ್ಲೇ ಬೆಳೆದ ಹುಡುಗಿ. ಬೇಗ ಬೇಗ ಎಂದು ಓಡುತ್ತೀಯೆ. ಓಡಲಿಕ್ಕೊಂದು ದಾರಿ ಇದೆ ಎಂದು ನಿನಗೆ ಹೇಳಿಕೊಟ್ಟವಳು ಯಾರು? ನಾನಲ್ಲವೇ?" ನಾನು ಓದಿದ್ದನ್ನೆಲ್ಲ ಅಚ್ಚುಕಟ್ಟಾಗಿ ಒಪ್ಪಿಸಿದೆ. ಒಂದು ಗಂಟೆಯಾದರೂ ಇಬ್ಬರೂ ನಿಲ್ಲಿಸಲಿಲ್ಲ.

ಕೊನೆಗೆ ಸರ್ ಹೆಂಡತಿ ಅನ್ನಪೂರ್ಣೇಶ್ವರಿ ಅಮ್ಮ ಒಳಗಿಂದ ಸರ್‌ಗೆ ಕೂಗಿ ಹೇಳಿದರು, "ಎಂತ, ಊಟಕ್ಕೆ ಬತ್ರಾ ಇಲ್ಯಾ? ಕೂಸಿಗೆ ಹಸಿವಾಯ್ದು."

ಪ್ರಸಂಗ ಸಮ ಎಂದು ತೀರ್ಮಾನವಾಯಿತು. ಮುಂದಿನ ಸಲ ಪಾತ್ರ ಅದಲು ಬದಲು.

ಮೇ 28, ಬುಧವಾರ

ನಕ್ಷೆ ಪೂರ್ತಿಯಾಯಿತು. ನೂರಕ್ಕೂ ಮೇಲೆ ಊರುಗಳು. ಬೇಕೆಂದೇ ತೊಡಕಾಗಿ ಹೆಣೆದಿದ್ದೇನೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿದರು.

"ಹುಲಿಕಲ್ಲಿಂದ ಮಂಡಗದ್ದೆಗೆ ನೇರ ರಸ್ತೆ ಯಾವಾಗ ಆಯ್ತು?"

"ಇದು ನಿಜವಾದ ನಕ್ಷೆ ಅಲ್ಲ ಅಪ್ಪ."

"ಆಯ್ತು ಬಿಡು. ಆದ್ರೆ ಈ ರೂಟಿಗೆ ಪರ್ಮಿಟ್ ಸಿಗಲ್ಲ."

ಮೇ 30, ಶುಕ್ರವಾರ

ಎರಡನೆಯ ಸುತ್ತು ಸಿಕ್ಕಿಲ್ಲ. ಸಿಗಲೇಬೇಕೆಂದೇನೂ ಇಲ್ಲ, ಉದಾಹರಣೆಗೆ ಬರೆದದ್ದು.

ಜೂನ್ 2, ಸೋಮವಾರ

ನಿನ್ನೆ ಸರ್ ಯಾವುದೋ ಊರಿಗೆ ತಾಳಮದ್ದಳೆಗೆ ಹೋಗಿದ್ದರು, ಹಾಗಾಗಿ ನಮ್ಮ ಪ್ರಸಂಗ ಮುಂದೆ ಹೋಯಿತು. ತೀರ್ಮಾನದ ವಿಷಯ ಬರೆಯಬೇಕು. ಅಭ್ಯರ್ಥಿಯ ನಿಲುವಿನಲ್ಲಿ ಬದಲಾವಣೆಯಿಲ್ಲ, ಎರಡೂ ಸರಿಸಮ.

ಪೆನ್ಸಿಲಿನಲ್ಲಿ ಹುಡುಕಿ, ಅಳಿಸಿ, ಹಾಳೆ ಒಂದು ಕಡೆ ತೂತು ಬಿದ್ದಿದೆ. ಲ್ಯಾಪ್‌ಟಾಪಿಗೆ ಕೊಟ್ಟರೆ ಇಷ್ಟು ಸಣ್ಣ ನಕ್ಷೆಗೆ ಕ್ಷಣದಲ್ಲಿ ಉತ್ತರ ಹೇಳುತ್ತದೆ. ಹೇಳಿದರೆ ನನಗೇನು ಗೊತ್ತಾದ ಹಾಗಾಯಿತು? ಹುಡುಕುವಾಗ ಯಾವ ಊರಿನಲ್ಲಿ ದಾರಿ ಕಟ್ಟಿಹೋಗುತ್ತದೆ, ಎಷ್ಟು ದೂರ ಹಿಂದೆ ಬರಬೇಕಾಗುತ್ತದೆ, ಅದು ಬೇಕು ನನಗೆ. ಹುಲಿಕಲ್ಲಿನ ಹತ್ತಿರ ಹೋದಾಗಲೆಲ್ಲ ಸಿಕ್ಕಿಬೀಳುತ್ತೇನೆ. ಯಾಕೆ ಅಲ್ಲೇ?

ಜೂನ್ 4, ಬುಧವಾರ

ಬಸ್ಸಿನಲ್ಲಿ ಹುಲಿಕಲ್ಲಿನ ವಿಷಯ ಯೋಚಿಸುತ್ತ ಸಾಗರದಲ್ಲಿ ಇಳಿಯುವುದನ್ನೇ ಮರೆತೆ. ಕಂಡಕ್ಟರ್ ಅಪ್ಪನ ಪರಿಚಯದವನು. "ಏಜೆಂಟರ ಮಗಳೇ ಸ್ಟಾಪ್ ತಪ್ಪಿಸ್ಕೊಂಡ್ರೆ ಹೆಂಗೆ?" ಎಂದು ಬಸ್ಸಿನವರಿಗೆಲ್ಲ ಕೇಳುವ ಹಾಗೆ ಹೇಳಿ ಇಳಿಸಿದ. ಕ್ಲಾಸಿಗೆ ತಡ. ತುಂಗಾ ಬೋರ್ಡಿನ ಮೇಲೆ "ಮಿಸ್ ಇದ್ದಾರೆ" ಎಂದು ಬರೆದಿಟ್ಟಿದ್ದಳು. ನಗು ಬಂತು.

ಜೂನ್ 8, ಭಾನುವಾರ

ಇವತ್ತಿನದನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕು.

ಸರ್ ಮನೆಯಲ್ಲಿ ಭಾಗವತರು ಹೇರಂಬ ಭಟ್ಟರೂ ಇದ್ದರು. ಪದ್ಯವಿಲ್ಲದೆ ಅರ್ಥ ಹೇಗೆ ಎಂದು ಅವರು ಅಲ್ಲೇ ಒಂದು ಪದ್ಯ ಕಟ್ಟಿ, ತೊಡೆ ತಟ್ಟಿಕೊಂಡು ಹಾಡಿದರು. ಅದರಲ್ಲಿ ಗಣಿತರಾಣಿ ಸಿಂಹಾಸನದಲ್ಲಿ ಕೂತಿದ್ದಳು, ಗಣಕಕುವರಿ ಬಾಗಿಲಲ್ಲಿ ನಿಂತಿದ್ದಳು. ನಾನು ರಾಣಿ. ಸರ್ ಬಾಗಿಲಲ್ಲಿ.

ನನಗೆ ಧೈರ್ಯವಿತ್ತು. ರಾಣಿಯ ಪರ ಹೇಳುವುದಕ್ಕೆ ಸರ್ ಹೇಳಿಕೊಟ್ಟದ್ದೇ ಬೇಕಾದಷ್ಟಿತ್ತು. ನಕ್ಷೆಯನ್ನು ಜಗುಲಿಯ ಮೇಲೆ ಹಾಸಿ, ಎರಡನೆಯ ಸುತ್ತು ಇದೆ ಎಂಬ ಸಾಧನೆಯನ್ನು ಪೂರ್ತಿ ಹೇಳಿದೆ. ಚೆನ್ನಾಗಿಯೇ ಹೇಳಿದೆ. ಭಟ್ಟರು "ಭೇಷ್" ಎಂದರು.

ಸರ್ ನಕ್ಷೆಯನ್ನು ನೋಡಿದರು. ಆಮೇಲೆ ಕೈಮುಗಿದು, ಬಹಳ ಮೆತ್ತಗೆ, "ಮಹಾರಾಣಿ, ಎರಡನೆಯ ಸುತ್ತು ಇದೆ ಎಂದಿರಿ. ಒಪ್ಪಿದೆ. ಸಂತೋಷ. ತೋರಿಸುತ್ತೀರಾ?" ಎಂದರು.

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇದೆ ಎಂದು ತಿಳಿಯುವುದೇ ಜ್ಞಾನ, ಕೈಗೆ ಕೊಡುವುದು ನನ್ನ ಕೆಲಸವಲ್ಲ. ರಾಣಿ ಹಾಗೆ ಹೇಳಬೇಕು. ಸರ್ ತಾವು ರಾಣಿಯಾಗಿದ್ದರೆ ಇದರ ಮೇಲೆ ಹತ್ತು ನಿಮಿಷ ಹೇಳುತ್ತಿದ್ದರು. ನಾನು ಬಾಯಿ ತೆರೆದೆ. ಮಾತು ಬರಲಿಲ್ಲ. ನಕ್ಷೆಯನ್ನು ನೋಡಿದೆ, ಹುಲಿಕಲ್ಲನ್ನು ನೋಡಿದೆ. ಭಟ್ಟರು ಸಹಾಯಕ್ಕೆಂದು ಪದ್ಯವನ್ನು ಇನ್ನೊಮ್ಮೆ ಎತ್ತಿಕೊಂಡರು. ಸರ್ ಕೈ ತೋರಿಸಿ ನಿಲ್ಲಿಸಿದರು.

"ನಂಗೆ ಅದು ನೋಡ್ಬೇಕು ಸರ್" ಎಂದೆ. ಅಷ್ಟೇ ಬಂದದ್ದು.

"ಇದು ರಾಣಿ ಮಾತಲ್ಲ" ಎಂದರು ಸರ್.

"ಅಲ್ಲ."

ಸರ್ ಶಾಲು ತೆಗೆದು ಮಡಚಿದರು. ಗೆದ್ದವರ ಹಾಗೆ ಕಾಣಲಿಲ್ಲ. ಭಟ್ಟರು ಮಂಗಳ ಹಾಡಲೋ ಬೇಡವೋ ಎಂದು ನಮ್ಮಿಬ್ಬರ ಮುಖವನ್ನೂ ನೋಡಿದರು.

ಅಡುಗೆಮನೆಯಲ್ಲಿ ಅನ್ನಪೂರ್ಣೇಶ್ವರಿ ಅಮ್ಮ ಬಾಳೆಎಲೆ ಒರೆಸುತ್ತಿದ್ದರು. ನಾನೂ ಒಂದು ಬಟ್ಟೆ ತೆಗೆದುಕೊಂಡೆ.

"ನಿಮ್ಮ ಸರ್‌ಗೂ ಒಂದು ಸಲ ಹಿಂಗೇ ಸೀಟು ಬಂದಿತ್ತು, ಗೊತ್ತಾ?" ಎಂದರು. "ನಮ್ಮ ಮದುವೆಗೆ ಮುಂಚೆ. ಹೋದ್ರೆ ಏನು, ಹೋಗದಿದ್ರೆ ಏನು ಅಂತ ಎರಡೂ ಕಡೆ ಅರ್ಥ ಹೇಳ್ಕೊಂಡು ಕೂತ್ರಂತೆ. ಯಾವ ಕಡೇನೂ ಸೋಲಲಿಲ್ಲ. ಕೊನೇ ದಿನ ದಾಟಿ ಹೋಗಿದ್ದು ಮಾತ್ರ ಗೊತ್ತಾಗಲಿಲ್ಲ."

ಅವರು ಇದನ್ನು ನಗುತ್ತಲೇ ಹೇಳಿದರು. ನನಗೆ ನಗಲಾಗಲಿಲ್ಲ. ಊಟದ ಹೊತ್ತಿನಲ್ಲಿ ಸರ್ ಮಜ್ಜಿಗೆಗೆ ಉಪ್ಪು ಕೇಳಿದ್ದು ಬಿಟ್ಟರೆ ಬೇರೆ ಮಾತಾಡಲಿಲ್ಲ. ಹೊರಡುವ ಗಡಿಬಿಡಿಯಲ್ಲಿ ನಕ್ಷೆಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ.

ಜೂನ್ 10, ಮಂಗಳವಾರ

ಸರ್ ಫೋನ್ ಮಾಡಿಲ್ಲ. ನಾನೂ ಮಾಡಿಲ್ಲ. ಚೆನ್ನೈಯವರು ನೆನಪಿಸಿ ಮೇಲ್ ಕಳಿಸಿದ್ದಾರೆ.

ಜೂನ್ 12, ಗುರುವಾರ

ಒಂದು ಆಟದಲ್ಲಿ ಬಾಯಿ ಕಟ್ಟಿತು ಎಂದು ಐದು ವರ್ಷದ ತೀರ್ಮಾನ ಮಾಡುವುದು ಸರಿಯಲ್ಲ. ಆ ಹೊತ್ತಿಗೆ ಹೊಳೆಯಲಿಲ್ಲ, ಅಷ್ಟೇ. ಈಗ ಕೇಳಿದರೆ ರಾಣಿಯ ಪರವಾಗಿ ಬೇಕಾದಷ್ಟು ಹೇಳಬಲ್ಲೆ.

ಅಮ್ಮ ಸಂಜೆ ಕೇಳಿದಳು, "ಸರ್‌ಗೆ ಬೇಜಾರಾಗ್ತದೆ ಅಂತ ಹಿಂಗೆ ಕೂತಿದೀಯಾ?"

ಅಲ್ಲ ಎಂದೆ. ಅವಳು ಅಂಗನವಾಡಿಯ ಮಕ್ಕಳನ್ನು ನೋಡುವ ಹಾಗೆ ನನ್ನನ್ನು ನೋಡಿ ಒಳಗೆ ಹೋದಳು.

ಹೌದು. ಅವರಿಗೆ ಬೇಜಾರಾಗುತ್ತದೆ ಎಂದೇ. ಆ ಭಾನುವಾರಗಳಲ್ಲಿ ಅವರು ಒಂದು ದಿನವೂ ಪಾಠ ತಪ್ಪಿಸಲಿಲ್ಲ, ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಹೇಳಿದರು. ತಾವು ಹೋಗದ ಕಡೆಗೆ ನನ್ನನ್ನು ಕಳಿಸಬೇಕೆಂದು ಪುಸ್ತಕಕ್ಕೆ ಬೈಂಡ್ ಹಾಕಿಸಿದ್ದಾರೆ. ಅವರ ಎದುರು ನಿಂತು ಬೇಡ ಎನ್ನುವುದು ಹೇಗೆ?

ಜೂನ್ 15, ಭಾನುವಾರ

ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ತೀರ್ಥಹಳ್ಳಿಗೆ ಹೋದೆ. ಇಟ್ಟುಕೊಳ್ಳಲೋ ವಾಪಸು ಕೊಡಲೋ ಎಂದು ಅಲ್ಲಿಗೆ ಹೋಗುವವರೆಗೂ ಗೊತ್ತಿರಲಿಲ್ಲ.

ಸರ್ ಜಗುಲಿಯಲ್ಲಿ ನೆಲದ ಮೇಲೆ ಕೂತಿದ್ದರು. ಮುಂದೆ ನನ್ನ ನಕ್ಷೆ, ನಾಲ್ಕು ಮೂಲೆಗೂ ಒಂದೊಂದು ಅಡಿಕೆ ಡಬ್ಬಿಯೋ ಲೋಟವೋ ಭಾರಕ್ಕೆ. ಸುತ್ತಲೂ ಪೆನ್ಸಿಲ್ ಕೆತ್ತಿದ ಪುಡಿ. ಅನ್ನಪೂರ್ಣೇಶ್ವರಿ ಅಮ್ಮ ಬಾಗಿಲಲ್ಲಿ ನಿಂತು, "ಒಂದು ವಾರದಿಂದ ಇದೇ ಅವಸ್ಥೆ. ಜಗುಲಿ ಗುಡಿಸ್ಲಿಕ್ಕೂ ಬಿಡಲ್ಲ" ಎಂದು ನನಗೆ ದೂರು ಕೊಟ್ಟರು.

"ಸಿಕ್ತು, ಕಾವ್ಯಾ" ಎಂದರು ಸರ್.

ಕೆಂಪು ಪೆನ್ಸಿಲಿನ ಗೆರೆ. ನೀಲಿ ಸುತ್ತಿನ ಜೊತೆ ಸ್ವಲ್ಪ ದೂರ ಹೋಗಿ, ಬಿಟ್ಟು, ಮತ್ತೆ ಸೇರಿ, ಮತ್ತೆ ಬಿಟ್ಟು. ನಾನು ನಿಟ್ಟೂರಿನ ಮೇಲೆ ಬೆರಳಿಟ್ಟು ಹೊರಟೆ. ಒಂದು ಊರೂ ಬಿಡಲಿಲ್ಲ, ಒಂದು ಊರಿಗೂ ಎರಡನೆಯ ಸಲ ಹೋಗಲಿಲ್ಲ. ಹುಲಿಕಲ್ಲನ್ನು ನಾನು ಯಾವಾಗಲೂ ಸಿಕ್ಕಿಬೀಳುತ್ತಿದ್ದ ಕಡೆಯಿಂದ ಅಲ್ಲ, ಹಿಂದಿನಿಂದ ಬಂದು ದಾಟಿದ್ದರು. ಬೆರಳು ನಿಟ್ಟೂರಿಗೇ ವಾಪಸು ಬಂತು.

"ಸರಿಯಾಗಿದೆ ಸರ್. ಎಷ್ಟು ಹೊತ್ತು ಹಿಡೀತು? ಎಲ್ಲಿಂದ ಶುರು ಮಾಡಿದ್ರಿ? ಹುಲಿಕಲ್ಲಿಂದ ಎಷ್ಟು ಸಲ ವಾಪಸ್ ಬರ್ಬೇಕಾಯ್ತು? ಊರು ಇದ್ರ ಎರಡರಷ್ಟು ಇದ್ದಿದ್ರೆ ಹಿಂಗೇ ಹುಡುಕಿದ್ರೆ ಆಗ್ತಿತ್ತಾ?"

ಸರ್ ನನ್ನನ್ನೇ ನೋಡಿದರು. ಆಮೇಲೆ ಪೆನ್ಸಿಲನ್ನು ನಕ್ಷೆಯ ಮೇಲೆ ಅಡ್ಡ ಇಟ್ಟರು.

"ಶುಕ್ರವಾರವೇ ಸಿಕ್ತು ನಂಗೆ. ಅವತ್ತಿಂದ ಇದನ್ನ ನೋಡ್ಕೊಂಡೇ ಕೂತಿದೀನಿ. ಎಷ್ಟು ಚಂದ ಇದೆ ಅಂತ. ನೀನು ನೋಡ್ಲೇ ಇಲ್ಲ."

"ನೋಡಿದೆನಲ್ಲ ಸರ್."

"ಸರಿಯಿದೆಯಾ ಅಂತ ನೋಡಿದೆ. ಚಂದ ಇದೆಯಾ ಅಂತ ನೋಡ್ಲಿಲ್ಲ. ಎಷ್ಟು ಹೊತ್ತು ಅಂತ ಕೇಳಿದೆ. ಎರಡು ದಿನ ಕೂತಿದ್ರೂ ನಂಗೆ ಆ ಪ್ರಶ್ನೆ ತೋಚಿರ್ಲಿಲ್ಲ."

ಕೆಂಪು ಗೆರೆ ಚಂದವಾಗಿಯೇ ಇತ್ತು. ಅವರು ಹೇಳಿದ ಮೇಲೆ ಕಂಡಿತು.

"ಮುಂಬೈಗೆ ಬರೆದು ಹಾಕು" ಎಂದರು.

"ಇದು ಪಾತ್ರದ ಮಾತೋ, ನಿಮ್ಮ ಮಾತೋ ಸರ್?"

"ನಂದೇ. ಬೇಜಾರಾಗಿದೆ ನಂಗೆ. ಪಾತ್ರಕ್ಕೆಲ್ಲಿಂದ ಬೇಜಾರು ಬರ್ತದೆ?"

ನನಗೆ ಅಳು ಬಂತು. ಸರ್ ಎದ್ದು ಮೂಲೆಯ ಲೋಟಗಳನ್ನು ತೆಗೆಯತೊಡಗಿದರು. ಪುಸ್ತಕವನ್ನು ಚೀಲದಿಂದ ತೆಗೆದು ಅವರ ಮುಂದೆ ಹಿಡಿದೆ. ಅವರು ಅದರ ಕಡೆ ನೋಡದೆ, "ಇಟ್ಕೋ. ಅಲ್ಲೂ ಬೇಕಾಗ್ತದೆ" ಎಂದರು. ನಕ್ಷೆಯನ್ನು ಮಾತ್ರ ಸುರುಳಿ ಸುತ್ತಿ ತಮ್ಮ ಕಪಾಟಿನಲ್ಲಿ ಇಟ್ಟುಕೊಂಡರು. ಇಟ್ಟುಕೊಳ್ಳಲೇ ಎಂದು ಅವರು ಕೇಳಲಿಲ್ಲ, ಕೊಡಿ ಎಂದು ನಾನೂ ಕೇಳಲಿಲ್ಲ.

ಜೂನ್ 16, ಸೋಮವಾರ

ಬೆಳಿಗ್ಗೆ ಮುಂಬೈಗೆ ಹೂಂ ಎಂದು ಬರೆದೆ. ಚೆನ್ನೈಗೆ ಉಹೂಂ ಎಂದು ಬರೆಯಲು ಹೆಚ್ಚು ಹೊತ್ತು ಹಿಡಿಯಿತು. ಅಪ್ಪ ಬಸ್‌ಸ್ಟ್ಯಾಂಡಿಗೆ ಹೊರಟರು. ನಾನು ಪಂಚಾಯ್ತಿಗೆ ಹೋಗಿ ಹುಲಿಯಪ್ಪನವರ ಪ್ರಿಂಟರಿನ ಮುಚ್ಚಳ ತೆಗೆದು ನೋಡಿದೆ. ಒಳಗೆ ಒಂದು ಬಸ್ ಟಿಕೆಟ್ ಸಿಕ್ಕಿಕೊಂಡಿತ್ತು.

ಸಂಜೆ ಸರ್ ಫೋನ್ ಮಾಡಿದರು. ಹಲೋ ಇಲ್ಲ, ಚೆನ್ನಾಗಿದೀಯಾ ಇಲ್ಲ.

"ಊರು ಎರಡರಷ್ಟು ಮಾಡಿ ಶುರು ಹಚ್ಚಿದೀನಿ. ನನ್ನ ವಿಧಾನದಲ್ಲಿ ಇದು ನಾನು ಸಾಯೋವರೆಗೂ ಮುಗಿಯಲ್ಲ. ಬೇಗ ಹೋಗಿ ಏನಾದ್ರೂ ಕಲ್ತು ಬಾ."